ಅಜ್ಜಿಯ ಡಾಬು ಕರಗಿಸುವ ಮುನ್ನ

ಬೆಳ್ಳಿ ರೇಟು ಏರಿದಾಗಲೆಲ್ಲ ನಮ್ಮ ಕಡೆ ಟ್ರಂಕಿನ ಬೀಗ ತೆರೆಯುತ್ತದೆ. ಅಜ್ಜಿಯ ಡಾಬು, ಕಾಲುಕಡಗ, ವಂಕಿ, ರೂಪಾಯಿ ಸರ ಎಲ್ಲ ಚೀಲ ಸೇರಿ ತಾಲೂಕಿನ ಅಂಗಡಿಗೆ ಹೋಗುತ್ತವೆ. ವಾಪಸ್ ಬರುವಾಗ ಕೈಯಲ್ಲಿ ಒಂದು ಜೊತೆ ತೆಳು ಕಾಲ್ಚೈನು, ಒಂದಿಷ್ಟು ನೋಟು. ಇದು ಲಾಭದ ವ್ಯಾಪಾರ ಅಲ್ಲ ಅನ್ನೋದು ನನ್ನ ವಾದ.

ಲೆಕ್ಕ ನೋಡಿ. ಹಳೆಯದಕ್ಕೆ ಸಿಗುವುದು ಬರೀ ಬೆಳ್ಳಿಯ ಬೆಲೆ. ಅದರಲ್ಲೂ ಬೆಸುಗೆ, ಬೆರಕೆ ಅಂತ ಕಡಿತ. ಪತ್ತಾರರು ದಿನಗಟ್ಟಲೆ ಕೂತು ಕೊರೆದ ಹೂಬಳ್ಳಿಗೆ ಕಾಸಿಲ್ಲ. ಹೊಸದು ಕೊಳ್ಳುವಾಗ ಮಾತ್ರ ಮಜೂರಿ, ಜಿಎಸ್‌ಟಿ ಎರಡನ್ನೂ ನಾವೇ ಕೊಡಬೇಕು. ಅತ್ತ ಪೇಟೆಯಲ್ಲಿ ಹೊಸ ಒಡವೆಯನ್ನೇ ಕಪ್ಪು ಮಾಡಿ, ಹಳೆಯದರ ಹಾಗೆ ಕಾಣಿಸಿ ಮಾರುತ್ತಾರೆ. ಅವರು ನಕಲು ಮಾಡುವ ಅಸಲು ನಮ್ಮ ಟ್ರಂಕಿನಲ್ಲಿದೆ.

‘ಹಂಗಾದ್ರೆ ಟ್ರಂಕಿನಲ್ಲೇ ಇರಲಿ ಅಂತೀರಾ?’ ಇಲ್ಲ, ಬಳಸೋಣ ಅಂತೀನಿ.

ಜೋಡಿ ಕಳೆದ ಒಂಟಿ ಬುಗುಡಿಯನ್ನು ಕರಿದಾರಕ್ಕೆ ಪೋಣಿಸಿದರೆ ಕಾಲೇಜು ಹುಡುಗಿಯ ಪದಕ. ಡಾಬನ್ನು ಸಾದಾ ಕಾಟನ್ ಸೀರೆ ಮೇಲೆ ಕಟ್ಟಿದರೆ ಬೇರೆ ಒಡವೆ ಬೇಡ. ಯಾರೂ ತೊಡದ ಕಾಲುಕಡಗ ಕಿಟಕಿಯ ಪರದೆ ಹಿಡಿದಿಡುತ್ತದೆ. ಗುಳೇದಗುಡ್ಡ ಖಣದ ತುಂಡಿನ ಮೇಲೆ ವಂಕಿ ಹೊಲಿದು ಗಾಜಿನ ಚೌಕಟ್ಟು ಹಾಕಿಸಿದರೆ ನಡುಮನೆ ಗೋಡೆ ತುಂಬುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಗೂಟಕ್ಕೆ ನೇತಾಡುತ್ತಿರುವ ಎತ್ತಿನ ಗೆಜ್ಜೆಸರವನ್ನು ಬಾಗಿಲಿಗೆ ಕಟ್ಟಿ, ಯಾರು ಬಂದರೂ ಗೊತ್ತಾಗುತ್ತದೆ.

ಇದು ಪೇಟೆ ಶೋಕಿ ಅಲ್ಲ. ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ನಾಣ್ಯ, ಕವಡೆ, ಕನ್ನಡಿ ಚೂರುಗಳನ್ನು ಬಟ್ಟೆಗೆ ಹೊಲಿದು ತೊಟ್ಟವರು. ಜಿಐ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿ ಇಂದು ಚೀಲ, ದಿಂಬಿನ ಕವರುಗಳ ಮೇಲೂ ಬಂದಿದೆ.

ಒಂದೇ ಷರತ್ತು: ಕತ್ತರಿಸಬೇಡಿ, ಗೋಂದು ಹಚ್ಚಬೇಡಿ, ಹೊಸ ಬೆಸುಗೆ ಹಾಕಿಸಬೇಡಿ. ದಾರದಲ್ಲಿ ಹೊಲಿಯಿರಿ, ಬೇಕಾದಾಗ ಬಿಚ್ಚುವಂತಿರಲಿ. ನಾಣ್ಯವನ್ನು ಉಜ್ಜಿ ಉಜ್ಜಿ ಅಚ್ಚು ಅಳಿಸಬೇಡಿ.

‘ಕಷ್ಟಕ್ಕೆ ಆಗೋದೇ ಒಡವೆ, ಗೋಡೆಗೆ ಹಾಕಿದರೆ ಹೊಟ್ಟೆ ತುಂಬುತ್ತಾ?’ ಅನ್ನುವವರ ಮಾತು ನಿಜ. ಆಸ್ಪತ್ರೆ ಖರ್ಚಿಗೆ, ಮಕ್ಕಳ ಫೀಸಿಗೆ ಮಾರಿದರೆ ಯಾರೂ ತಪ್ಪು ಅನ್ನಬಾರದು. ಆದರೆ ಬಿಚ್ಚುವಂತೆ ಬಳಸಿದರೆ ತೂಕ ಎಲ್ಲಿಗೂ ಹೋಗಲ್ಲ. ಇವತ್ತು ಗೋಡೆಯ ಮೇಲಿದ್ದದ್ದು ನಾಳೆ ತಕ್ಕಡಿಗೂ ಬರುತ್ತದೆ. ಕರಗಿಸಿದ್ದು ಮಾತ್ರ ತಿರುಗಿ ಡಾಬು ಆಗಲ್ಲ.

ಮಾರಲೇಬೇಕು ಅಂದರೆ ತಿಳಿದು ಮಾರಿ. ರೂಪಾಯಿ ಸರದ ನಾಣ್ಯಗಳ ಇಸವಿ ಓದಿ. ವಿಕ್ಟೋರಿಯಾ ರಾಣಿ ಕಾಲದಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಸುಮಾರು 92 ಪರ್ಸೆಂಟ್ ಬೆಳ್ಳಿ. 1940ರಿಂದ ಅರ್ಧಕ್ಕರ್ಧ ಬೆಳ್ಳಿ. 1947ರ ರೂಪಾಯಿ ನಿಕ್ಕಲ್. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ತೂಗಲು ಬಿಡಬೇಡಿ.

ಇನ್ನೊಂದು ಮಾತು, ಇದು ಗಂಡಸರಿಗೆ. ತವರಿನಿಂದ ಬಂದ ಒಡವೆ ಆಕೆಯ ಸ್ತ್ರೀಧನ, ಅದರ ಮೇಲಿನ ಹಕ್ಕು ಆಕೆಯದೇ. ಕರಗಿಸುವುದೋ, ತೊಡುವುದೋ, ಗೋಡೆಗೆ ಹಾಕುವುದೋ ಅಂತ ಮೊದಲು ಅವ್ವನನ್ನು, ಅಜ್ಜಿಯನ್ನು ಕೇಳಿ. ಕೇಳುವಾಗಲೇ ಪ್ರತಿ ಒಡವೆಯ ಫೋಟೊ ತೆಗೆದು, ಅದರ ಹೆಸರು, ಯಾರು ಮಾಡಿಸಿದ್ದು ಅಂತ ಬರೆದಿಡಿ. ಅಜ್ಜಿ ಇರುವಾಗ ಕೇಳದಿದ್ದರೆ ಆಮೇಲೆ ಹೇಳುವವರು ಇರಲ್ಲ.