ಅಜ್ಜಂದಿರ ತಪ್ಪನ್ನು ಗಟ್ಟಿಯಾಗಿ ಓದುವವರು

ಪುಣೆ ಕ್ಯಾಂಪಿನ ಮೊಲೆದಿನಾ ರಸ್ತೆಯಲ್ಲಿ ತಲೆಯೆತ್ತಿದರೆ ಕೆಂಪು ಇಟ್ಟಿಗೆಯ ಗಡಿಯಾರ ಗೋಪುರ ಕಾಣುತ್ತದೆ. ರಿಕ್ಷಾದವನಿಗೆ ‘ಓಹೆಲ್ ಡೇವಿಡ್’ ಎಂದರೆ ಮಿಕಮಿಕ ನೋಡುತ್ತಾನೆ, ‘ಲಾಲ್ ದೇವೂಳ್’ ಅಂದರೆ ಸರಿಯಾಗಿ ತಂದು ಬಿಡುತ್ತಾನೆ. 1867ರಲ್ಲಿ ಕಟ್ಟಿ ಮುಗಿದ ಆ ಯೆಹೂದಿ ಮಂದಿರದ ನೆಪ ಮಾಡಿಕೊಂಡು, ಯೆಹೂದಿ ಧರ್ಮಗ್ರಂಥದ ಮೊದಲ ಪುಸ್ತಕ ಆದಿಕಾಂಡದ ಮನೆಮನೆಯ ಕಥೆಗಳಿಂದ ಯೆಹೂದಿಗಳು ಯಾವ ನೀತಿ ಹೆಕ್ಕುತ್ತಾರೆ ಎಂದು ನಮ್ಮ ಓದುಗರ ಕೂಟದಲ್ಲಿ ಮಾತಾಡಿದ್ದೆ. ಚಹಾ ಬರುವ ಮೊದಲೇ ಆಕ್ಷೇಪಗಳು ಬಂದವು. ಅಂದು ತಡವರಿಸಿದೆ. ಇದು ಆಗ ಹೇಳಬೇಕಿದ್ದ ಉತ್ತರ.

ನಿವೃತ್ತ ಮೇಷ್ಟ್ರೊಬ್ಬರು ಮೊದಲು ಎದ್ದರು. “ಯಾಕೋಬ ಕುರುಡು ಅಪ್ಪನನ್ನು ವಂಚಿಸಿ ಅಣ್ಣನ ಆಶೀರ್ವಾದ ಹೊಡೆದುಕೊಂಡ. ಆಮೇಲೆ ಕುಲಪಿತನೂ ಆದ. ಮೋಸಕ್ಕೆ ಲಾಭ ಅಂತ ಮಕ್ಕಳಿಗೆ ಕಲಿಸೋದಾ?”

ಮೇಷ್ಟ್ರೇ, ನೀವು ಪುಸ್ತಕವನ್ನು ನಡುವೆಯೇ ಮಡಚಿಟ್ಟಿರಿ. ಅಣ್ಣನ ಮೈ ರೋಮಮಯ. ಮುಟ್ಟಿ ನೋಡಿದಾಗ ಅಪ್ಪನಿಗೆ ಗೊತ್ತಾಗಬಾರದೆಂದು ಯಾಕೋಬ ಕೈಗೆ ಮೇಕೆಮರಿಯ ಚರ್ಮ ಸುತ್ತಿಕೊಂಡ. ವರ್ಷಗಳಾದ ಮೇಲೆ ಅವನ ಮಕ್ಕಳೇ ತಮ್ಮ ಯೋಸೇಫನನ್ನು ಮಾರಿ, ಅವನ ಅಂಗಿಯನ್ನು ಮೇಕೆಯ ರಕ್ತದಲ್ಲಿ ಅದ್ದಿ ಅಪ್ಪನ ಮುಂದೆ ಹಿಡಿದರು. ಅಲ್ಲೂ ಮೇಕೆ, ಇಲ್ಲೂ ಮೇಕೆ. ನಡುವೆ ಮಾವ ಲಾಬಾನ ಕತ್ತಲಲ್ಲಿ ಅವನು ಬಯಸಿದ್ದ ರಾಹೇಲಳ ಬದಲು ಅವಳ ಅಕ್ಕ ಲೇಯಾಳನ್ನು ಮದುವೆ ಮಾಡಿಕೊಟ್ಟದ್ದೂ ಆಯಿತು. ಬೆಳಗಾದಾಗ ಯಾಕೋಬ ರೇಗಿದರೆ, ‘ನೀನೂ ನಿನ್ನಪ್ಪನ ಹತ್ತಿರ ಇದನ್ನೇ ಮಾಡಲಿಲ್ಲವೇ’ ಎಂಬರ್ಥದಲ್ಲಿ ಲೇಯಾ ಮರುತ್ತರ ಕೊಟ್ಟಳೆಂದು ಯೆಹೂದಿ ಗುರುಗಳಾದ ರಬ್ಬಿಗಳ ವ್ಯಾಖ್ಯಾನಕಥೆ ಮಿದ್ರಾಶ್ ಹೇಳುತ್ತದೆ. ನೂರಮೂವತ್ತನೇ ವಯಸ್ಸಿನಲ್ಲಿ ಫರೋಹನ ಮುಂದೆ ನಿಂತು ಇದೇ ಕುಲಪಿತ ತನ್ನ ದಿನಗಳು ಕೆಲವು, ಅವೂ ಕೆಟ್ಟವು ಎಂದು ಒಪ್ಪಿಕೊಳ್ಳುತ್ತಾನೆ. ಲಾಭದ ಲೆಕ್ಕ ನೀವೇ ಹಾಕಿ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ: ಪೂರ್ವಿಕರ ತಪ್ಪುಗಳಿಗೆ ಪಂಡಿತರು ತೇಪೆ ಹಾಕುತ್ತಾರೆ. ಹಾಕುತ್ತಾರೆ, ಇಲ್ಲವೆನ್ನುವುದಿಲ್ಲ. ಯಾಕೋಬನ ಹಿರಿಮಗ ರೂಬೇನ್ ಅಪ್ಪನ ಉಪಪತ್ನಿಯೊಡನೆ ಮಲಗಿದ ಪ್ರಸಂಗವಿದ್ದರೂ, ಅವನು ಪಾಪ ಮಾಡಿದನೆನ್ನುವವನೇ ತಪ್ಪಿದನೆಂದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನಲ್ಲೇ ಒಂದು ಮಾತಿದೆ. ಆದರೆ ಅದೇ ಪರಂಪರೆಯ 13ನೇ ಶತಮಾನದ ಸ್ಪೇನಿನ ವ್ಯಾಖ್ಯಾನಕಾರ ನಾಹ್ಮಾನಿದೆಸ್, ದಾಸಿ ಹಾಗರಳನ್ನು ಕಾಡಿಸಿ ಯಾಕೋಬನ ಅಜ್ಜಿ ಸಾರಳು ಪಾಪ ಮಾಡಿದಳು, ನೋಡುತ್ತ ಸುಮ್ಮನಿದ್ದ ಅಜ್ಜ ಅಬ್ರಹಾಮನೂ ಪಾಪ ಮಾಡಿದ ಎಂದು ನೇರವಾಗಿ ಬರೆದ. ನಮ್ಮಲ್ಲಿ ಕುಲಮೂಲದ ಅಜ್ಜ ಅಜ್ಜಿಯರ ಬಗ್ಗೆ ಭಾಷ್ಯಕಾರನೊಬ್ಬ ಹೀಗೆ ಬರೆದರೆ ಊರಿನವರು ಏನೆನ್ನುತ್ತಾರೋ!

ಯಾಕೋಬನ ಇನ್ನೊಬ್ಬ ಮಗ ಯೆಹೂದನ ಕಥೆ ಕೇಳಿ. ಯೋಸೇಫನನ್ನು ಮಾರೋಣ ಎಂದವನು ಇವನೇ. ಮುಂದೆ ವಿಧವೆ ಸೊಸೆ ತಾಮಾರಳಿಗೆ ಮಾತಿನಂತೆ ಕಿರಿಮಗನನ್ನು ಮದುವೆ ಮಾಡಿಸದೆ ಸತಾಯಿಸಿದ. ಅವಳು ಮುಸುಕು ಹಾಕಿಕೊಂಡು ದಾರಿಯಲ್ಲಿ ಕೂತು ಅವನಿಂದಲೇ ಬಸುರಾದಳು. ಅದು ತಿಳಿಯದೆ ಅವನು ಅವಳನ್ನು ಸುಡಿ ಎಂದ. ಅವಳು ಅವನೇ ಒತ್ತೆಯಿಟ್ಟಿದ್ದ ಮುದ್ರೆ, ಕೋಲುಗಳನ್ನು ಕಳಿಸಿ ‘ಇವು ಯಾರವು, ಗುರುತಿಸಿ’ ಎಂದಳೇ ಹೊರತು ಹೆಸರು ಹೇಳಲಿಲ್ಲ. ಅವಳು ನನಗಿಂತ ನ್ಯಾಯವಂತೆ ಎಂದು ಅವನೇ ಒಪ್ಪಿಕೊಂಡ. ನಾಲ್ಕು ಜನರ ಮುಂದೆ ಒಬ್ಬನ ಮುಖ ಕೆಡಿಸುವುದಕ್ಕಿಂತ ಉರಿಯುವ ಕುಲುಮೆಗೆ ಬೀಳುವುದು ಮೇಲು ಎಂಬ ನೀತಿಯನ್ನು ತಾಲ್ಮೂದ್ ತೆಗೆದದ್ದು ತಾಮಾರಳ ಈ ಮೌನದಿಂದ. ಹಿಂದೆ ಸಭೆಯಲ್ಲಿ ಹೀಬ್ರೂ ಓದಿದೊಡನೆ ಜನರಿಗೆ ತಿಳಿಯುವ ಭಾಷೆಯಲ್ಲೂ ಹೇಳುವ ಪದ್ಧತಿಯಿತ್ತು. ರೂಬೇನನ ಪ್ರಸಂಗವನ್ನು ಓದಿ, ಅನುವಾದಿಸಬೇಡಿ, ತಾಮಾರಳದನ್ನು ಓದಿ, ಅನುವಾದವನ್ನೂ ಮಾಡಿ ಎಂದು ರಬ್ಬಿಗಳ ವಿಧಿಗ್ರಂಥ ಮಿಶ್ನಾ ವಿಧಿಸುತ್ತದೆ. ಯೆಹೂದನ ಮರ್ಯಾದೆ ಹೋಗದೇ ಎಂದರೆ, ಒಪ್ಪಿಕೊಂಡದ್ದೇ ಅವನ ಹಿರಿಮೆ ಎಂಬ ಸಮಾಧಾನ. ಅದೇ ಯೆಹೂದ ಮುಂದೆ ಕಿರಿಯ ತಮ್ಮ ಬೆನ್ಯಾಮೀನನ ಬದಲು ತಾನು ಗುಲಾಮನಾಗಲು ನಿಂತ. ಯೆಹೂದಿ ಎಂಬ ಹೆಸರು ಬಂದಿರುವುದೇ ಇವನಿಂದ.

ಕಂಕುಳಲ್ಲಿ ಕೂಸು ಹಿಡಿದಿದ್ದ ತಾಯಿಯೊಬ್ಬಳು ಕೇಳಿದಳು: “ಸರ್, ಅಬ್ರಹಾಮ ಮಗನ ಮೇಲೆ ಕತ್ತಿ ಎತ್ತಿದ್ದೂ ನೀತಿಯೇ?” ಸಿರಿಯಾಳ ಚಂಗಳೆಯರ ಕಥೆ ಕೇಳಿ ಬೆಳೆದ ನಮ್ಮನ್ನೂ ಆ ಪ್ರಶ್ನೆ ಬಿಟ್ಟಿಲ್ಲ. ದೇವದೂತ ತಡೆದನಲ್ಲ ಎಂದರೆ ಅದು ಅರ್ಧ ಉತ್ತರ, ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಇಷ್ಟು ಹೇಳಬಲ್ಲೆ: ಸುದ್ದಿ ಕೇಳಿ ಸಾರಳು ಆರು ಬಾರಿ ಕೂಗಿ ಪ್ರಾಣ ಬಿಟ್ಟಳು, ಶೋಫರ್ ಎಂಬ ಕೊಂಬಿನ ಊದುಗಳು ಆ ಕೂಗಿಗೆ ಸಮ ಎಂದು ಒಂದು ಮಿದ್ರಾಶ್ ಇದೆ. ಶೋಫರ್ ಊದುವ ಯೆಹೂದಿ ಹೊಸವರ್ಷದ ಎರಡನೇ ದಿನ ಆ ಮಗ ಇಸಾಕನ ಕಥೆ ಓದುತ್ತಾರೆ. ಅದರ ಹಿಂದಿನ ದಿನದ ಪಾಠದಲ್ಲಿ, ಮನೆಯಿಂದ ಹೊರಬಿದ್ದ ಹಾಗರಳು ನೀರಿಲ್ಲದೆ ಮಗನನ್ನು ಪೊದೆಯ ಕೆಳಗೆ ಬಿಟ್ಟು ದೂರ ಕೂತು ಅಳುತ್ತಾಳೆ. ತಾಯಿಯ ಅಳುವನ್ನು ಹಬ್ಬದಿಂದ ಹೊರಗಿಡಲಿಲ್ಲ.

‘ಪರದೇಶದ ಕಥೆ ನಮಗೇಕೆ’ ಎಂದವರಿಗೆ ಹೆಚ್ಚು ಹೇಳಬೇಕಿಲ್ಲ. ಕೊಂಕಣದಲ್ಲಿ ಎಣ್ಣೆಗಾಣ ನಡೆಸುತ್ತ, ಶನಿವಾರ ಗಾಣ ನಿಲ್ಲಿಸಿ ‘ಶನಿವಾರ ತೇಲಿ’ ಅನಿಸಿಕೊಂಡ ಬೆನೆ ಇಸ್ರೇಲಿಗಳು 19ನೇ ಶತಮಾನದಲ್ಲೇ ಇಂಥ ಕಥೆಗಳನ್ನು ಮರಾಠಿ ಕೀರ್ತನೆ ಮಾಡಿ ಹಾಡಿದ್ದಾರೆ. ಅವರ ಮಂದಿರ ಇಲ್ಲೇ ರಾಸ್ತಾ ಪೇಟೆಯಲ್ಲಿದೆ.

ಕೊನೆಯದು ನನ್ನನ್ನು ಚುಚ್ಚಿದ್ದು: “ಆ ಕೆಂಪು ಗುಡಿ ಕಟ್ಟಿದ ಡೇವಿಡ್ ಸಸೂನನ ಮನೆತನ ಅಫೀಮು ಮಾರಿ ಬೆಳೆದದ್ದು. ಕಥೆ ಓದಿ ಏನು ಕಲಿತರು?” ಅಫೀಮಿನ ಮಾತು ನಿಜ. ಅದೇ ದುಡ್ಡಿನ ಮನೆತನದ ಹೆಸರಿನಲ್ಲಿ ಆಸ್ಪತ್ರೆಯೂ ಇದೆ ಎಂದು ತಕ್ಕಡಿ ಹಿಡಿಯಲಾರೆ. ಓದಿದವರು ಸುಧಾರಿಸಿದರು ಎಂದು ನಾನು ಎಲ್ಲೂ ಹೇಳಿಲ್ಲ. ಓದಿನಲ್ಲಿ ತಪ್ಪನ್ನು ತಪ್ಪೆಂದೇ ಉಳಿಸಿಕೊಂಡರು ಎಂದಷ್ಟೇ ಹೇಳಿದೆ. ಮಕ್ಕಳಲ್ಲಿ ಒಬ್ಬನನ್ನು ಹೆಚ್ಚು ಮಾಡಬೇಡ, ಯಾಕೋಬ ಯೋಸೇಫನಿಗೆ ಎರಡು ಸೆಲಾ ನಾಣ್ಯಗಳ ತೂಕದ ರೇಷ್ಮೆ ಹೆಚ್ಚು ಕೊಟ್ಟದ್ದರಿಂದ ಅಣ್ಣಂದಿರು ಹೊಟ್ಟೆಕಿಚ್ಚುಪಟ್ಟು ನಮ್ಮ ಹಿರಿಯರು ಐಗುಪ್ತಕ್ಕೆ ಇಳಿಯಬೇಕಾಯಿತು ಎಂದು ತಾಲ್ಮೂದ್ ಎಚ್ಚರಿಸುತ್ತದೆ. ಆ ಮನೆಯ ಅಣ್ಣತಮ್ಮಂದಿರನ್ನೂ ನೋಡಿ: ಸಸೂನ್ 1864ರಲ್ಲಿ ಪುಣೆಯಲ್ಲೇ ತೀರಿಕೊಂಡ, ಸಮಾಧಿ ಆ ಕೆಂಪು ಗುಡಿಯ ಅಂಗಳದಲ್ಲೇ ಇದೆ. ವ್ಯಾಪಾರದ ಪೇಢಿಯ ಯಜಮಾನಿಕೆ ಹಿರಿಮಗ ಅಬ್ದುಲ್ಲಾನ ಕೈಗೆ ಬಂತು. ಗುಡಿ ಮುಗಿದ 1867ರಲ್ಲೇ ಎರಡನೇ ಮಗ ಎಲಿಯಾಸ್ ಬೇರೆ ಪೇಢಿ ತೆರೆದ.