ಅಡ್ಜಸ್ಟ್ ಆಗಬೇಕಾದ್ದು ದೋಣಿ

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬುದು ಬಸ್ಸಿನ ಸೀಟಿಗಿರಲಿ, ಸಮುದ್ರದ ಕಯಾಕಿಗೆ ಬೇಡ. ದೋಣಿ ಬಾಡಿಗೆಗೆ ಕೊಡುವ ಎಷ್ಟೋ ಮಂದಿ ನಮ್ಮ ಎತ್ತರ ಕೇಳುವುದಿಲ್ಲ. ನಾವೂ ಬಾಯಿ ಬಿಡುವುದಿಲ್ಲ. ಮೈ ನೊಂದರೇ ಸಾಹಸ, ಆರಾಮ ಕೇಳಿದವರು ಪುಕ್ಕಲರು ಎಂದುಕೊಂಡಿದ್ದೇವೆ.

ಸೊಂಟದವರೆಗೆ ಒಳಗಿಳಿದು ಕೂರುವ ಈ ಉದ್ದನೆಯ ದೋಣಿಯಲ್ಲಿ ಹುಟ್ಟು ಹಾಕುವ ಬಲ ಬರುವುದು ಬರೀ ತೋಳಿನಿಂದಲ್ಲ, ನಡು ತಿರುಗುವುದರಿಂದ. ಅದಕ್ಕೆ ಪಾದಕ್ಕೊಂದು ಒತ್ತು ಬೇಕು. ಒಳಗೆ ಹಿಂದೆಮುಂದೆ ಸರಿಯುವ ಫುಟ್‌ಪೆಗ್‌ಗಳಿರುತ್ತವೆ. ಮೊಣಕಾಲು ತುಸು ಮಡಚಿ, ತೊಡೆ ಮೇಲಂಚಿಗೆ ತಾಗುವಂತೆ ಅವನ್ನು ಸರಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಮಾಡದಿದ್ದರೆ ಕಾಲು ಜೋಮು ಹಿಡಿಯುತ್ತದೆ. ಜೋಮು ಹಿಡಿದ ಕಾಲಲ್ಲಿ, ಅಡ್ಡ ಬಂದ ಅಲೆಗೆ ದೋಣಿಯನ್ನು ಓರೆ ಮಾಡಿ ಹಿಡಿಯುವುದು ಹೇಗೆ?

ಲೈಫ್ ಜಾಕೆಟ್ಟೂ ಅಷ್ಟೇ. ಬೆನ್ನಿನ ಫೋಮ್ ಸೊಂಟದವರೆಗೆ ಇಳಿದಿದ್ದರೆ, ಕೂತೊಡನೆ ಜಾಕೆಟ್ ಗಲ್ಲಕ್ಕೇರುತ್ತದೆ. ಕಿರಿಕಿರಿ ಎಂದು ಪಟ್ಟಿ ಸಡಿಲಿಸುತ್ತಾರೆ. ಅಲ್ಲಿಗೆ ಜಾಕೆಟ್ ಇದ್ದೂ ಇಲ್ಲದಂತೆ. ಬೆನ್ನ ಕಡೆ ಫೋಮ್ ಮೇಲಕ್ಕಿರುವಂಥದ್ದು ಬೇಕು. ಇನ್ನು ನೀರಿನ ಬಾಟಲಿ: ಹಿಂದಿನ ಡಬ್ಬಿಯಲ್ಲಿ ಭದ್ರವಾಗಿಟ್ಟರೆ ನಡುನೀರಿನಲ್ಲಿ ಅದು ಬೇರೆಯವರ ಬಾಟಲಿ!

ಹೈದರಾಬಾದಿನ ನಮಗೆ ಸಮುದ್ರ ಮುನ್ನೂರು ಕಿ.ಮೀ. ದೂರ. ಆದರೆ ಕಯಾಕು ದುರ್ಗಂ ಚೆರುವಿನಲ್ಲೇ ಸಿಗುತ್ತದೆ. ಅಲ್ಲಿನ ದೋಣಿ ಬೇರೆ ಬಗೆಯದಿದ್ದರೂ, ಜಾಕೆಟ್ ಎಲ್ಲಿ ಒತ್ತುತ್ತದೆಂದು ತಿಳಿಯಲು ಅಷ್ಟು ಸಾಕು. ಉಳಿದದ್ದಕ್ಕೆ, ಮಲ್ಪೆಯೋ ಕಾರವಾರವೋ, ದಡದ ಮರಳಿನ ಮೇಲೇ ದೋಣಿಯೊಳಗೆ ಕೂತು, ಫುಟ್‌ಪೆಗ್ ಸರಿಸಿಕೊಡಿ ಎಂದು ಕೇಳಿ. ಹಿಂದಿನ ಸಾಲು ಗೊಣಗಿದರೆ ಗೊಣಗಲಿ.