ಕಲಿಸಿದವನೇ ಅಳೆಯಬಾರದು

ಪರೀಕ್ಷೆ ಎಂಬ ಪದ ಕಿವಿಗೆ ಬಿದ್ದೊಡನೆ ಮೂಗು ಮುರಿಯುವುದು ಈಚೆಗೆ ಪ್ರಗತಿಪರರ ಲಕ್ಷಣವಾಗಿದೆ. ಪರೀಕ್ಷೆ ಮನಸ್ಸನ್ನು ನೋಯಿಸುತ್ತದೆ, ಪರೀಕ್ಷೆ ಕಲಿಕೆಯ ಶತ್ರು, ಕಲಿಸಿದ ಗುರುವಿಗಿಂತ ಚೆನ್ನಾಗಿ ಶಿಷ್ಯನನ್ನು ಅಳೆಯಬಲ್ಲವರು ಯಾರು – ಇಂತಹ ಮಾತುಗಳನ್ನು ವೇದಿಕೆಗಳಲ್ಲಿ ಕೇಳಿ ಕೇಳಿ ಕಿವಿ ದಣಿದಿದೆ. ಹೀಗೆ ಮಾತನಾಡುವವರು ಒಮ್ಮೆ ವಿಮಾನ ಚಾಲನೆ ಕಲಿಸುವ ಶಾಲೆಯ ಕಡೆಗೆ ಕಣ್ಣು ಹಾಯಿಸಬೇಕೆಂಬುದು ನನ್ನ ಸವಿನಯ ಪ್ರಾರ್ಥನೆ.

ಇದನ್ನು ಬರೆಯಲು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ ಅಮೆರಿಕದಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾನೆ. ಉಪಕರಣಗಳನ್ನಷ್ಟೇ ನೋಡಿ ವಿಮಾನ ನಡೆಸುವ ‘ಇನ್‌ಸ್ಟ್ರುಮೆಂಟ್ ರೇಟಿಂಗ್’ ಹಂತದಲ್ಲಿದ್ದಾನೆ. ಅದರ ನಡುವೆ ನಡೆಯುವ ‘ಸ್ಟೇಜ್ ಚೆಕ್’ ಎಂಬ ಹಾರಾಟ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾಗಲಿಲ್ಲ. ತಂದೆ ದೂರವಾಣಿಯಲ್ಲಿ ನೊಂದುಕೊಂಡರು: ‘ಮೇಷ್ಟ್ರೇ, ಅನ್ಯಾಯ ನೋಡಿ. ದಿನವೂ ಜೊತೆಯಲ್ಲಿ ಹಾರುವ ಇನ್‌ಸ್ಟ್ರಕ್ಟರ್ ಹುಡುಗ ಚೆನ್ನಾಗಿದ್ದಾನೆ ಅಂತಾರೆ. ಎಂದೂ ಜೊತೆಯಲ್ಲಿ ಹಾರದ ಇನ್ಯಾರೋ ಬಂದು ಒಂದೂವರೆ ಗಂಟೆ ಪಕ್ಕದಲ್ಲಿ ಕೂತು, ಸಾಲದು ಅಂತ ಬರೆದುಬಿಟ್ಟರು. ಇನ್ನೂ ಮೂರು ಪಾಠ ಹಾರಬೇಕಂತೆ. ಡಾಲರಿನ ಲೆಕ್ಕ ನಿಮಗೆ ಗೊತ್ತಲ್ಲ!’

ಸಾಲ ಮಾಡಿ ಮಗನನ್ನು ಕಳುಹಿಸಿದ ತಂದೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವರ ತರ್ಕವನ್ನು ಒಪ್ಪಲಾರೆ. ಅವರು ಅನ್ಯಾಯವೆಂದು ಕರೆದದ್ದೇ ಆ ಶಿಕ್ಷಣಕ್ರಮದಲ್ಲಿರುವ ಅತ್ಯಂತ ನ್ಯಾಯವಾದ ಅಂಶವೆಂಬುದು ನನ್ನ ವಾದ.

ಮೊದಲು ಈ ತರಬೇತಿಯ ಸ್ವರೂಪವನ್ನು ತಿಳಿಯೋಣ. ಮೋಡದೊಳಗೆ ಹೊಕ್ಕ ಪೈಲಟ್‌ಗೆ ದಿಗಂತ ಕಾಣುವುದಿಲ್ಲ. ಆಗ ದೇಹ ಸುಳ್ಳು ಹೇಳಲು ಆರಂಭಿಸುತ್ತದೆ. ನಮ್ಮ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವ ತಿರುವಿನ ಆರಂಭವನ್ನು ಗ್ರಹಿಸುತ್ತದೆ. ತಿರುವು ಒಂದೇ ವೇಗದಲ್ಲಿ ಮುಂದುವರಿದರೆ ಸುಮಾರು 20 ಸೆಕೆಂಡುಗಳಲ್ಲಿ ಆ ದ್ರವವೂ ಅದೇ ವೇಗವನ್ನು ಪಡೆಯುವುದರಿಂದ ತಿರುಗುತ್ತಿರುವ ಅನುಭವವೇ ಮಾಯವಾಗುತ್ತದೆ. ಆಮೇಲೆ ವಿಮಾನವನ್ನು ನೇರಗೊಳಿಸಿದರೆ ವಿರುದ್ಧ ದಿಕ್ಕಿಗೆ ವಾಲಿದಂತೆ ಭಾಸವಾಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರು ಉಪಕರಣ ತರಬೇತಿಯಿಲ್ಲದ 20 ಮಂದಿಯನ್ನು, ಹೊರಗಿನ ನೋಟ ಮರೆಮಾಡಿ, ವಿಮಾನ ನಡೆಸಲು ಬಿಟ್ಟು ನೋಡಿದರು. ಇಪ್ಪತ್ತು ಮಂದಿಯೂ ಹಿಡಿತ ಕಳೆದುಕೊಂಡರು. ಅದಕ್ಕೆ ತಗುಲಿದ ಸರಾಸರಿ ಕಾಲ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಇಲ್ಲ!

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದರು ನಮ್ಮ ಹಿರಿಯರು. ಉಪಕರಣ ಹಾರಾಟದ ಸಾರವೆಲ್ಲ ಆ ಗಾದೆಯಲ್ಲಿದೆ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕುಳಿತು, ಉಪಕರಣಗಳನ್ನಷ್ಟೇ ನಂಬಿ ಮೇಲೇರಿ ಕೆಳಗಿಳಿದರು. ಅಂದೂ ಮುಂದಿನ ಆಸನದಲ್ಲಿ ಇನ್ನೊಬ್ಬ ಪೈಲಟ್ ಕಾವಲಿಗಿದ್ದರೆಂಬುದನ್ನು ಮರೆಯಬಾರದು. ತನ್ನ ಅನುಭವವನ್ನೇ ಅಂತಿಮ ಪ್ರಮಾಣವೆಂದು ನಂಬದಿರುವುದು ಈ ವಿದ್ಯೆಯ ಮೊದಲ ಪಾಠ. ಹಾಗಿರುವಾಗ, ಶಿಷ್ಯನು ತನ್ನ ದೇಹದ ಸಾಕ್ಷ್ಯವನ್ನು ನಂಬಬಾರದು, ಆದರೆ ಗುರುವು ಶಿಷ್ಯನ ಬಗ್ಗೆ ತನ್ನ ಮನಸ್ಸು ಹೇಳಿದ್ದನ್ನು ನಂಬಬಹುದು ಎಂಬುದು ಯಾವ ನ್ಯಾಯ?

‘ಹೆತ್ತವರಿಗೆ ಹೆಗ್ಗಣ ಮುದ್ದು.’ ಕಲಿಸಿದವರಿಗೂ ಅಷ್ಟೇ. ದಿನವೂ ಪಕ್ಕದಲ್ಲಿ ಕೂರುವ ಇನ್‌ಸ್ಟ್ರಕ್ಟರ್‌ಗೆ ಶಿಷ್ಯನ ದೋಷಗಳು ಅಭ್ಯಾಸವಾಗಿಬಿಡುತ್ತವೆ. ಅವನು ಎತ್ತರ ತಪ್ಪುವ ಮೊದಲೇ ಇವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ ಸದ್ದಿಗೆ ಅವನು ಎಚ್ಚೆತ್ತುಕೊಳ್ಳುತ್ತಾನೆ. ತಾವು ಸುಳಿವು ಕೊಡುತ್ತಿದ್ದೇವೆಂಬುದು ಇವರಿಗೂ ತಿಳಿಯದು, ಸುಳಿವಿನ ಬಲದಿಂದ ಹಾರುತ್ತಿದ್ದೇನೆಂಬುದು ಅವನಿಗೂ ತಿಳಿಯದು. ಇದನ್ನು ಅಲ್ಲಿನ ಕಾನೂನು ಮಾಡಿದವರು ಬಲ್ಲರು. ಅಮೆರಿಕದ ವಿಮಾನಯಾನ ನಿಯಮಾವಳಿಯ 141ನೇ ಭಾಗದಡಿ ನಡೆಯುವ ಶಾಲೆಗಳಲ್ಲಿ, ಪರೀಕ್ಷಿಸಲೆಂದು ನೇಮಕಗೊಂಡ ‘ಚೆಕ್ ಇನ್‌ಸ್ಟ್ರಕ್ಟರ್’ ತಾನೇ ಮುಖ್ಯ ಬೋಧಕನಾಗಿದ್ದ ವಿದ್ಯಾರ್ಥಿಯನ್ನಾಗಲಿ, ತಾನೇ ಪರೀಕ್ಷೆಗೆ ಶಿಫಾರಸು ಮಾಡಿದ ವಿದ್ಯಾರ್ಥಿಯನ್ನಾಗಲಿ ಪರೀಕ್ಷಿಸುವಂತಿಲ್ಲ. ನನ್ನ ಮಿತ್ರರು ದೂರಿದ ‘ಎಂದೂ ಜೊತೆಯಲ್ಲಿ ಹಾರದವರು’ ಕಾನೂನು ಬೇಕೆಂದೇ ಕರೆತಂದವರು.

ಆ ಅಪರಿಚಿತರು ಅಳೆಯುವುದಾದರೂ ಏನನ್ನು? ಮೊದಲು ನೆಲದ ಮೇಲೆ ಮೌಖಿಕ ಪ್ರಶ್ನೆಗಳು. ಬಳಿಕ ಆಕಾಶದಲ್ಲಿ, ಕಿಟಕಿಯಾಚೆ ಕಾಣದಂತೆ ಹಣೆಗೆ ಮರೆ ಕಟ್ಟಿದ ವಿದ್ಯಾರ್ಥಿಯ ಕೈಯಲ್ಲಿ ವಿಮಾನ. ರೇಟಿಂಗ್‌ನ ಅಂತಿಮ ಪರೀಕ್ಷೆಗೆ ಅಲ್ಲಿ ಅಳತೆಗೋಲು ಬರಹದಲ್ಲಿದೆ: ಸಾಮಾನ್ಯ ಹಾರಾಟದಲ್ಲಿ ಎತ್ತರ 100 ಅಡಿಗಿಂತ, ದಿಕ್ಕು 10 ಡಿಗ್ರಿಗಿಂತ, ವೇಗ 10 ನಾಟ್‌ಗಿಂತ ಹೆಚ್ಚು ತಪ್ಪಬಾರದು. ರನ್‌ವೇಗೆ ಇಳಿಯುವಾಗ ಮಾರ್ಗಸೂಚಿಯ ಮುಳ್ಳು ಮುಕ್ಕಾಲು ಭಾಗಕ್ಕಿಂತ ಆಚೆ ಸರಿಯಬಾರದು. ನಿಗದಿತ ಕನಿಷ್ಠ ಎತ್ತರಕ್ಕೆ ಬಂದಾಗ ರನ್‌ವೇ ಕಾಣದಿದ್ದರೆ ಆಸೆಪಡದೆ ಮೇಲೇರಬೇಕು. ನಡುವಣ ಪರೀಕ್ಷೆಗಳೆಲ್ಲ ಈ ಗುರಿಯತ್ತ ಇಟ್ಟ ಮೆಟ್ಟಿಲುಗಳು. ಇಲ್ಲಿ ‘ಪರವಾಗಿಲ್ಲ’ ಎಂಬ ಪದಕ್ಕೆ ಜಾಗವಿಲ್ಲ, ಕೃಪಾಂಕಕ್ಕೂ ಜಾಗವಿಲ್ಲ. ಬೆಟ್ಟದ ಬಂಡೆ ಕೃಪಾಂಕ ಕೊಡುವುದಿಲ್ಲ.

ಪರೀಕ್ಷೆಯಲ್ಲಿ ಇನ್ನೊಂದು ಭಾಗವುಂಟು. ಕೆಲವು ಉಪಕರಣಗಳು ಕೆಟ್ಟಿವೆಯೆಂದು ಅವುಗಳನ್ನು ಮುಚ್ಚಿ, ಉಳಿದವುಗಳಿಂದಲೇ ಹಾರಲು ಹೇಳುತ್ತಾರೆ. ಇದು ಹುಡುಗರನ್ನು ಕಾಡುವ ಕುಚೋದ್ಯವೆಂದು ಭಾವಿಸುವವರು 1978ರ ಜನವರಿ 1ರ ರಾತ್ರಿಯನ್ನು ನೆನೆಯಬೇಕು. ಅಂದು ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಎಂಬ ಬೋಯಿಂಗ್ 747 ವಿಮಾನ ನೆಲ ಬಿಟ್ಟ ಎರಡು ನಿಮಿಷಗಳೊಳಗೆ ಬಾಂದ್ರಾದಾಚೆಯ ಕಡಲಿಗೆ ಬಿತ್ತು. ಒಳಗಿದ್ದ 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಯಾಪ್ಟನ್ ಮುಂದಿದ್ದ ದಿಗಂತ ಸೂಚಕ ಕೆಟ್ಟು, ವಿಮಾನ ಬಲಕ್ಕೆ ವಾಲಿದೆಯೆಂದು ತೋರಿಸುತ್ತಿತ್ತು. ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು. ಹೊರಗೆ ಕತ್ತಲ ಕಡಲು, ಕಣ್ಣಿಗೆ ಆಸರೆಯಿಲ್ಲ. ವಿಮಾನದಲ್ಲಿದ್ದ ಬೇರೆ ಸೂಚಕಗಳೊಡನೆ ತಾಳೆ ನೋಡಿ ಸಕಾಲದಲ್ಲಿ ಸರಿಪಡಿಸಿಕೊಳ್ಳಲು ಆಗಲಿಲ್ಲ. ಚಾಲಕರು ದೀರ್ಘಾನುಭವಿಗಳಾಗಿದ್ದರೆಂಬುದು ಇಲ್ಲಿ ಮುಖ್ಯ. ಒಂದು ಸಾಕ್ಷ್ಯವನ್ನು ಇನ್ನೊಂದರೊಡನೆ ತಾಳೆ ನೋಡುವ ಅಭ್ಯಾಸ ಎಳೆಯ ವಯಸ್ಸಿನಲ್ಲೇ ರಕ್ತಗತವಾಗಬೇಕು; ಆಗಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಲೂ ಇರಬೇಕು.

ಇನ್ನು ಆಕ್ಷೇಪಗಳಿಗೆ ಬರೋಣ. ‘ಅಪರಿಚಿತರು ಪಕ್ಕದಲ್ಲಿ ಕೂತರೆ ಹುಡುಗ ಹೆದರುತ್ತಾನೆ’ ಎನ್ನುತ್ತಾರೆ. ನಿಜ. ಆದರೆ ಮೋಡವೇನು ಅವನಿಗೆ ಸೋದರಮಾವನೇ? ‘ನಿಗದಿತ ಗಂಟೆಗಳು ಮುಗಿದವಲ್ಲ’ ಎನ್ನುತ್ತಾರೆ. ಗಂಟೆಗಳು ಕನಿಷ್ಠ ಷರತ್ತೇ ಹೊರತು ವಿದ್ಯೆಯಲ್ಲ. ಹಾಜರಿ ಪುಸ್ತಕ ತುಂಬಿದ ಮಾತ್ರಕ್ಕೆ ಲೆಕ್ಕ ಬರುತ್ತದೆಯೇ? ಮೂರನೆಯ ಆಕ್ಷೇಪ ಹಣದ್ದು, ಅದರಲ್ಲಿ ಹುರುಳಿದೆ. ಹೆಚ್ಚುವರಿ ಪಾಠಗಳ ಹಣಕ್ಕಾಗಿಯೇ ಅನುತ್ತೀರ್ಣಗೊಳಿಸುವ ಶಾಲೆಯಿದ್ದರೆ ಅದು ಸುಲಿಗೆ, ಖಂಡಿಸಲೇಬೇಕು. ಆದರೆ ಅದಕ್ಕೆ ಮದ್ದು ಪರೀಕ್ಷೆಯನ್ನು ಕೈಬಿಡುವುದಲ್ಲ. ಎಲ್ಲಿ, ಎಷ್ಟು ತಪ್ಪಿತೆಂದು ಲಿಖಿತವಾಗಿ ಕೇಳುವುದು. ಕನ್ನಡಿ ಒಡೆದರೆ ಮುಖ ಚಂದವಾಗುವುದೇ?

ಪರೀಕ್ಷೆ ಬರಿಯ ಶಾಸ್ತ್ರವಾದರೆ ಏನಾಗುತ್ತದೆಂಬುದನ್ನು ನಾವು ನಮ್ಮ ದೇಶದಲ್ಲೇ ಕಂಡಿದ್ದೇವೆ. 2011ರಲ್ಲಿ ನಕಲಿ ಅಂಕಪಟ್ಟಿ ಒಪ್ಪಿಸಿ ಪರವಾನಗಿ ಪಡೆದ ಪೈಲಟ್‌ಗಳ ಪ್ರಕರಣಗಳು ಒಂದರ ಹಿಂದೊಂದು ಹೊರಬಂದವು. ಹಾರದ ಗಂಟೆಗಳನ್ನು ಹಾರಿದಂತೆ ಪುಸ್ತಕದಲ್ಲಿ ಬರೆದುಕೊಂಡವರೂ ಸಿಕ್ಕಿಬಿದ್ದರು. ನಮ್ಮಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಆ ಸಂಖ್ಯೆಯನ್ನು ಲೇಖನಿಯಿಂದ ತುಂಬಬಹುದು. ನಿಷ್ಠುರ ಪರೀಕ್ಷಕನ ಪಕ್ಕದಲ್ಲಿ ಕೂತು ವಿಮಾನವನ್ನು 100 ಅಡಿಗಳ ಮಿತಿಯಲ್ಲಿ ನಿಲ್ಲಿಸುವುದನ್ನು ಯಾವ ಲೇಖನಿಯೂ ಮಾಡಲಾರದು.

ಶಿಕ್ಷಕನಾದ ನನಗೆ ಇಲ್ಲಿ ನಮ್ಮ ಶಾಲೆಗಳು ನೆನಪಾಗದೆ ಇರವು. ನಮ್ಮಲ್ಲಿ ಎರಡೇ ದಾರಿ: ಒಂದೋ ಇಡೀ ವರ್ಷ ಅದೇ ತರಗತಿಯಲ್ಲಿ ಕೂರಿಸು, ಇಲ್ಲವೇ ಕಲಿತರೂ ಕಲಿಯದಿದ್ದರೂ ಮುಂದಕ್ಕೆ ತಳ್ಳು. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕಾವಲು ಬಿಗಿಯಾಗಿ ಫಲಿತಾಂಶ ಕುಸಿಯಿತು. ಆಗ ಸರ್ಕಾರ ಮಾಡಿದ್ದು ಕೃಪಾಂಕವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸುವುದನ್ನು! ಆಲ್ಟಿಮೀಟರ್ ಕಡಿಮೆ ತೋರಿಸಿತೆಂದು ಅದರ ಮುಳ್ಳನ್ನೇ ಬೆರಳಿನಿಂದ ಮೇಲಕ್ಕೆ ಸರಿಸಿದಂತಾಯಿತು.

ಸ್ಟೇಜ್ ಚೆಕ್ ಮೂರನೆಯ ದಾರಿಯನ್ನು ತೋರಿಸುತ್ತದೆ. ಅದು ಹುಡುಗನನ್ನು ಹೊರಗೆ ಹಾಕುವುದಿಲ್ಲ, ಆರಂಭದಿಂದ ಕಲಿಯೆಂದೂ ಹೇಳುವುದಿಲ್ಲ. ಎಲ್ಲಿ ಎಡವಿದೆಯೋ ಅಲ್ಲಿಯೇ ನಿಲ್ಲು, ಅದನ್ನಷ್ಟೇ ಕಲಿ, ಮತ್ತೆ ತೋರಿಸು, ಆಮೇಲೆ ಮುಂದೆ ಹೋಗು ಎನ್ನುತ್ತದೆ. ಗುಣಾಕಾರ ಬಾರದ ಮಗುವನ್ನು ಭಾಗಾಕಾರಕ್ಕೆ ತಳ್ಳುವ ಮೊದಲು, ಪಕ್ಕದ ಶಾಲೆಯ ಶಿಕ್ಷಕರೊಬ್ಬರು ಬಂದು ಹತ್ತು ನಿಮಿಷ ನೋಡಿ, ಇಂಥಲ್ಲಿ ತೊಡಕಿದೆಯೆಂದು ಬರೆದು ಕೊಡುವ ಪದ್ಧತಿ ನಮ್ಮಲ್ಲೇಕೆ ಬರಬಾರದು? ಅದಕ್ಕೆ ವಿಮಾನವೂ ಬೇಡ, ಡಾಲರೂ ಬೇಡ. ಗುರುವಿನ ಮಮತೆಗೂ ತೀರ್ಪಿಗೂ ನಡುವೆ ಒಂದು ಗೋಡೆಯಿರಬೇಕೆಂದು ಒಪ್ಪುವ ಮನಸ್ಸು ಬೇಕು.

ತರಬೇತಿಯಲ್ಲಿರುವ ಮಕ್ಕಳ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ‘ಪಾಸಾದೆಯಾ?’ ಎಂದು ಕೇಳಬೇಡಿ. ‘ಪರೀಕ್ಷಕರು ಏನು ಬರೆದರು?’ ಎಂದು ಕೇಳಿ. ಮಗನನ್ನು ತಡೆದ ಅಪರಿಚಿತರನ್ನು ಶಪಿಸಬೇಡಿ. ನಾಳೆ ಅವನ ಬೆನ್ನಹಿಂದೆ ನೂರೆಂಬತ್ತು ಮಂದಿ ಅವನ ಹೆಸರೂ ತಿಳಿಯದೆ ನಿದ್ರಿಸುತ್ತಿರುತ್ತಾರೆ. ಅವರೆಲ್ಲರ ಪರವಾಗಿ ಅಂದು ಪಕ್ಕದ ಆಸನದಲ್ಲಿ ಕುಳಿತಿದ್ದವರು ಆ ಅಪರಿಚಿತರೇ.